ಎಡಗಡೆ ನಿಲ್ಲುವವರು

ಮೂವತ್ತೊಂದು ವರ್ಷ ನಾನು ಲಾಯರಮ್ಮನ ಗುಮಾಸ್ತ. ಫೀಸು ಕೊಡಲಾಗದ ಆರೋಪಿಗಳ ಪರವಾಗಿ ವಾದಿಸಲು ಸರ್ಕಾರವೇ ನೇಮಿಸಿದ ವಕೀಲೆ ಅವರು. ನಾನೋ, ಅವರ ಫೈಲು ಹೊರುತ್ತಾ ಗೊಣಗುತ್ತಾ ಬಂದವನು. "ಕದ್ದವನಿಗೂ ವಕೀಲರು ಬೇಕೇನಮ್ಮಾ?" ಎಂದು ಎಷ್ಟು ಸಲ ಕೇಳಿದ್ದೇನೋ! "ಕದ್ದವನಿಗೇ ಜಾಸ್ತಿ ಬೇಕು ಗುಮಾಸ್ತರೇ. ಕದಿಯದವನ ಪಕ್ಕ ಯಾರು ಬೇಕಾದ್ರೂ ನಿಲ್ತಾರೆ," ಎನ್ನುತ್ತಿದ್ದರು.

ಅದು ಬಾಯಿಮಾತಲ್ಲ. ತೀರ್ಪು ಓದುವಾಗ ಬೇರೆ ವಕೀಲರು ತಮ್ಮ ಮೇಜಿನ ಹತ್ತಿರವೇ ಇರುತ್ತಾರೆ. ಇವರು ಎದ್ದುಹೋಗಿ ಕಟಕಟೆಗೆ ತಾಗಿಕೊಂಡು ಆರೋಪಿಯ ಎಡಗಡೆ ನಿಲ್ಲುತ್ತಿದ್ದರು. ಮುಟ್ಟುತ್ತಿರಲಿಲ್ಲ, ಸಮಾಧಾನ ಹೇಳುತ್ತಿರಲಿಲ್ಲ, ಸುಮ್ಮನೆ ನಿಲ್ಲುವುದು ಅಷ್ಟೇ. ಸುಳ್ಳೇಕೆ ಹೇಳಲಿ, ನನಗದು ನಾಟಕ ಅನ್ನಿಸುತ್ತಿತ್ತು.

ಅವರು ನಿವೃತ್ತರಾಗುವ ಶುಕ್ರವಾರ ಬೆಳಿಗ್ಗೆ ಕೊನೆಯ ಜಾಮೀನು ಸಿಕ್ಕಿತು. ಆರೋಪಿ ಬೀಗ ರಿಪೇರಿ ಮಾಡುವವನು. ಊರಲ್ಲಿ ಯಾರ ಮನೆ ಬೀಗ ಮುರಿದರೂ ಮೊದಲ ಗುಮಾನಿ ಇಂಥವನ ಮೇಲೆಯೇ ತಾನೆ? ಹತ್ತೊಂಬತ್ತು ದಿನದಿಂದ ಒಳಗಿದ್ದ. ಅವನ ಹೆಂಡತಿ ಕೋರ್ಟಿನಿಂದ ನೇರವಾಗಿ ಜೈಲಿನ ಗೇಟಿಗೆ ಹೋಗಿ ಕಾಯತೊಡಗಿದಳು. ಬಿಡುಗಡೆ ಆದೇಶ ಸಂಜೆ ಐದರೊಳಗೆ ಅಲ್ಲಿಗೆ ತಲುಪಬೇಕು. ತಪ್ಪಿದರೆ ಎರಡು ದಿನ ರಜೆ, ಸೋಮವಾರದವರೆಗೆ ಅವನು ಒಳಗೇ. ಮಧ್ಯಾಹ್ನ ಆದೇಶ ನನ್ನ ಕೈಸೇರಿತು. ಮಡಚಿ ಅಂಗಿ ಜೇಬಿಗಿಟ್ಟುಕೊಂಡೆ.

ಆದರೆ ಆವತ್ತು ಕೋರ್ಟಿನ ಆವರಣದಲ್ಲೇ ಲಾಯರಮ್ಮನಿಗೆ ಇಟ್ಟುಕೊಂಡಿದ್ದ ಸನ್ಮಾನದ ಯಜಮಾನಿಕೆಯೂ ನನ್ನದೇ. ಕುರ್ಚಿ ಸಾಲದು, ಮೈಕು ಕೀಚಲು, ಹೂವಿನವನು ನಾಪತ್ತೆ. ಮೂರು ಗಂಟೆಗೆ ಲಾಯರಮ್ಮ ಎದುರಾಗಿ, "ಕಾಗದ ಹೋಯ್ತಾ?" ಎಂದರು. "ಹೋದ ಹಾಗೇ ಅಮ್ಮ," ಎಂದು ಕುರ್ಚಿ ಎಳೆಯುತ್ತಾ ನಡೆದೆ. ಹೂವಿನವನು ಬಂದ ಖುಷಿಯಲ್ಲಿ ಕಾಗದವನ್ನು ಮರೆತೇಬಿಟ್ಟೆ.

ನಾಲ್ಕೂವರೆಗೆ ಸಭೆ ಶುರುವಾಯಿತು. ಹಿರಿಯ ನ್ಯಾಯಾಧೀಶರು "ಸಮಾನ ನ್ಯಾಯ" ಎಂಬ ಮಾತನ್ನು ಏಳು ಸಲ ಹೇಳಿದರು, ಏಳು ಸಲವೂ ನಾನು ಚಪ್ಪಾಳೆ ತಟ್ಟಿದೆ. ಆಗ ಕೊನೆಯ ಸಾಲಿನಲ್ಲಿ ಬೀಗದವನ ಹೆಂಡತಿ ಕಣ್ಣಿಗೆ ಬಿದ್ದಳು. ಗಂಡ ಇನ್ನೂ ಬರಲಿಲ್ಲವೇಕೆಂದು ಕೇಳಲು ಜೈಲಿನ ಗೇಟಿನಿಂದ ಮರಳಿ ಬಂದವಳನ್ನು ಯಾರೋ ಅತಿಥಿ ಎಂದುಕೊಂಡು, ಕೈಗೊಂದು ಹೂ ಕೊಟ್ಟು ಕೂರಿಸಿದ್ದರು. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಲಾರದೆ ಅವಳು ಹೂ ಹಿಡಿದು ಕುಳಿತೇ ಇದ್ದಳು. ನನ್ನ ಕೈ ಜೇಬಿಗೆ ಹೋಯಿತು. ಕಾಗದ ಅಲ್ಲೇ ಇತ್ತು. ಗಂಟೆ ನಾಲ್ಕು ಐವತ್ತು.

ವೇದಿಕೆ ಹತ್ತಿ ಲಾಯರಮ್ಮನ ಕಿವಿಯಲ್ಲಿ ಉಸುರಿದೆ. ಬೈಯಲಿಲ್ಲ. ಭಾಷಣದ ನಡುವೆಯೇ ಎದ್ದು, "ಕ್ಷಮಿಸಬೇಕು, ನನ್ನ ಕೆಲಸ ಇನ್ನೂ ಮುಗಿದಿಲ್ಲ," ಎಂದು ಇಳಿದುಬಿಟ್ಟರು.

ಬೀಗದವನ ಹೆಂಡತಿಯನ್ನೂ ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಜೈಲು ತಲುಪಿದಾಗ ಐದು ಗಂಟೆ ಎಂಟು ನಿಮಿಷ. ಕಾಗದ ತೆಗೆದುಕೊಳ್ಳುವ ಕಿಟಕಿ ಮುಚ್ಚಿತ್ತು. "ಕೈದಿಗಳ ಎಣಿಕೆ ಮುಗಿದು ಬೀಗ ಬಿತ್ತಮ್ಮ. ನನ್ನ ಕೈಲೇನಿಲ್ಲ," ಎಂದ ಪಹರೆಯವನು. ಲಾಯರಮ್ಮ ಅಧಿಕಾರಿಯನ್ನೇ ಹೊರಗೆ ಕರೆಸಿ ಅರ್ಧ ಗಂಟೆ ವಾದಿಸಿದರು. ಅವರ ಕೊನೆಯ ವಾದ ಅದು. ಸೋತರು.

ಬೀಗದವನ ಹೆಂಡತಿ ನನ್ನ ಕಡೆ ತಿರುಗಿದಳು. "ಕಾಗದ ಎಲ್ಲಿತ್ತು ಸಾರ್?"

"ನನ್ನ ಜೇಬಲ್ಲೇ ಇತ್ತಮ್ಮ. ಮರೆತೆ."

"ಹೂ ಹಂಚೋದು ಮರೀಲಿಲ್ವಲ್ಲ ನೀವು! ನಮ್ಮನೆಯವರು ಒಳಗೆ ಊಟ ಬಿಟ್ಟಿದಾರೆ. ಇವತ್ತು ಬರ್ತಾರೆ ಅಂತ ಮಗಳಿಗೆ ಹೇಳಿ ಬಂದಿದೀನಿ. ಇನ್ನೂ ಮೂರು ರಾತ್ರಿ! ಅವಳಿಗೆ ಏನು ಹೇಳ್ಲಿ?"

ತಲೆ ತಗ್ಗಿಸಿ ನಿಂತೆ. ಎಷ್ಟೋ ಜನ ಕಟಕಟೆಯಲ್ಲಿ ಹೀಗೆ ನಿಂತದ್ದನ್ನು ಹಿಂದಿನ ಬೆಂಚಿನಿಂದ ನೋಡಿ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡವನು ನಾನು. ಈಗ ಇಡೀ ಬೀದಿಯಲ್ಲಿ ನಾನೊಬ್ಬನೇ ಅನ್ನಿಸಿತು.

ಎಡಗಡೆ ಹೆಜ್ಜೆ ಸಪ್ಪಳವಾಯಿತು. ಲಾಯರಮ್ಮ ಬಂದು ನನ್ನ ಪಕ್ಕ ನಿಂತರು. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ.

"ತಪ್ಪು ಇವರದೇ ತಾಯಿ," ಎಂದರು ಅವಳಿಗೆ. "ಕೇಳಿಯೂ ಖಾತ್ರಿ ಮಾಡಿಕೊಳ್ಳದೆ ಬಿಟ್ಟಿದ್ದು ನನ್ನ ತಪ್ಪು. ಏನು ಹೇಳಬೇಕೋ ಹೇಳು. ಇಬ್ಬರೂ ಕೇಳ್ತೀವಿ."

ನನಗೆ ಅಳು ತಡೆಯಲಾಗಲಿಲ್ಲ. ಅರವತ್ತು ದಾಟಿದವನು ರಸ್ತೆಯಲ್ಲಿ ನಿಂತು ಅತ್ತೆ.

ಅವಳು ಕೈಯಲ್ಲಿದ್ದ ಹೂವನ್ನು ಮುಚ್ಚಿದ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಸೋಮವಾರ ಎಷ್ಟು ಗಂಟೆಗೆ ತೆಗೀತಾರೆ?"

"ಎಂಟಕ್ಕೆ."

"ಏಳಕ್ಕೇ ಬಂದಿರ್ಬೇಕು. ಬೇರೆಯವರನ್ನ ಕಳಿಸಬೇಡಿ, ನೀವೇ ಬರಬೇಕು."

"ಬರ್ತೀನಮ್ಮ," ಎಂದೆ.

ಅವಳು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಲಾಯರಮ್ಮ ನನ್ನ ಪಕ್ಕದಿಂದ ಕದಲಲಿಲ್ಲ.