ನೇಜಿ ನೆಡುವವಳು

ಹತ್ತನೆಯ ತರಗತಿಯ ಪರೀಕ್ಷೆಗೆ ಮಗಳು ಪ್ರೇಮಾವತಿ ಗಟ್ಟಿಯಾಗಿ ಓದುತ್ತಿದ್ದಾಗ ಪೂವಮ್ಮನ ಕಿವಿಗೆ ಬಿದ್ದ ಪಾಠ ಒಂದೇ. ದೇಶದ ದುಡಿಮೆಯಲ್ಲಿ ಕೃಷಿ ಮೊದಲನೆಯ ವಲಯ, ಕೈಗಾರಿಕೆ ಎರಡನೆಯದು, ನೌಕರಿ ಚಾಕರಿಯೆಲ್ಲ ಮೂರನೆಯದು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಬೆಳ್ಳಾರೆ ಪೇಟೆಯಲ್ಲಿ ಅಂಗಡಿಯವನು ಸ್ವಲ್ಪ ಕಾಯಿಸಿದರೆ ಸಾಕು, "ನಾವು ಮೊದಲನೆಯವರು ಮಾರಾಯ್ರೆ, ಪುಸ್ತಕದಲ್ಲೇ ಉಂಟು" ಎಂದುಬಿಡುವಳು.

ಜಂಬಕ್ಕೆ ಕಾರಣವೂ ಇತ್ತು. ಭತ್ತದ ಸಸಿ, ಅಂದರೆ ನೇಜಿ ನೆಡುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ಅತ್ತೆ ಅವಳನ್ನು ಸೊಸೆಯೆಂದು ಒಪ್ಪಿದ್ದೇ ಎರಡು ಗದ್ದೆಗಳ ನಡುವಿನ ಹುಣಿಯ ಮೇಲೆ ನಿಂತು, ಅವಳು ನೆಟ್ಟ ಸಾಲು ನೋಡಿ. ಮುಖ ನೋಡಿದ್ದು ಆಮೇಲೆ. ಆ ಕೈಯನ್ನು ಅವಳು ಮಗಳಿಗೂ ಕೊಟ್ಟಿದ್ದಳು. ಕೆಸರಿನಲ್ಲಿ ತಾಯಿ ಹಾಡಿನ ಒಂದು ಸಾಲು ಎತ್ತಿದರೆ ಮಗಳು ಮರುಸಾಲು ಹೇಳಬೇಕು. ಅದು ಕ್ರಮ.

ಊರ ಹುಡುಗಿಯರೆಲ್ಲ ಬೀಡಿ ಕಟ್ಟಲು ಕೂತಿದ್ದ ಕಾಲ ಅದು. ಒಮ್ಮೆ ಪ್ರೇಮಾವತಿಯೂ ನೆರೆಮನೆಯ ಗೋದಾವರಿಯಿಂದ ಎಲೆ, ಹೊಗೆಸೊಪ್ಪಿನ ಹುಡಿ ತಂದು ಕೂತಳು. ಪೂವಮ್ಮ ಎಲೆ ಇಟ್ಟಿದ್ದ ಗೆರಸೆಯನ್ನೇ ಅಂಗಳಕ್ಕೆ ಎಸೆದಳು. "ನೇಜಿ ಹಿಡಿಯುವ ಕೈಯಲ್ಲಿ ಹೊಗೆಸೊಪ್ಪು ಮುಟ್ಟುದಾ?" ಹುಡುಗಿ ಅಂಗಳಕ್ಕಿಳಿದು ಎಲೆ ಹೆಕ್ಕಿದಳು.

ಗೋದಾವರಿಯ ಅಣ್ಣನ ಮದುವೆಯಲ್ಲಿ ಕೋಡಿಂಬಾಳದ ಅಚ್ಚುತ ಪ್ರೇಮಾವತಿಯನ್ನು ಕಂಡು ಮೆಚ್ಚಿದ. ಪುತ್ತೂರಿನ ಲಾರಿ ಆಫೀಸಿನಲ್ಲಿ ಗುಮಾಸ್ತ, ಸಾಧು ಮನುಷ್ಯ. ಕೋಡಿಂಬಾಳದ ಹೆಸರು ಬಂದರೆ ಪ್ರೇಮಾವತಿ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಅವನ ತಾಯಿ ತಿಮ್ಮಕ್ಕ ಹೆಣ್ಣು ನೋಡಲು ಬರುವ ದಿನ ಪೂವಮ್ಮ ಬೇಕೆಂದೇ ಮಗಳನ್ನು ಗದ್ದೆಗಿಳಿಸಿದಳು.

"ಸೀರೆ ಉಡಿಸಿ ಚಾವಡಿಗೆ ಕರಿ ಮಾರಾಯ್ತಿ. ಹೆಣ್ಣನ್ನು ಕೆಸರಲ್ಲಿ ನಿಲ್ಲಿಸಿ ತೋರಿಸುದಾ?" ಎಂದ ಗಂಡ ಮಾಯಿಲಪ್ಪ.

"ನಿಮ್ಮ ಅವ್ವ ನನ್ನನ್ನು ನೋಡಿದ್ದು ಎಲ್ಲಿ?"

ಮಾಯಿಲಪ್ಪ ಚಾವಡಿಯಲ್ಲಿ ಚಾಪೆ ಹಾಸಲು ಹೋದ.

ತಿಮ್ಮಕ್ಕ ಕೊಡೆ ಹಿಡಿದು ಹುಣಿಯ ಮೇಲೆ ಬಹಳ ಹೊತ್ತು ನಿಂತಳು. "ಕೈ ಚುರುಕುಂಟು" ಎಂದಳು. ಪೂವಮ್ಮ ಉಬ್ಬಿಹೋದಳು.

"ಬೀಡಿ ಎಷ್ಟು ಕಟ್ತಾಳೆ?"

"ಬೀಡಿಯಾ? ನನ್ನ ಮಗಳು ಅದನ್ನು ಮುಟ್ಟುದೇ ಇಲ್ಲ!"

ತಿಮ್ಮಕ್ಕನ ಮುಖ ಸಪ್ಪಗಾಯಿತು. ಕೆಟ್ಟ ಹೆಂಗಸಲ್ಲ ಅವಳು, ಮೆತ್ತಗೇ ಹೇಳಿದಳು. "ನಮ್ಮ ಗದ್ದೆಗೆಲ್ಲ ರಬ್ಬರ್ ಹಾಕಿ ಆಯ್ತು ಪೂವಮ್ಮ. ಮಗ ಪುತ್ತೂರಲ್ಲಿ ಬಿಡಾರ ಮಾಡ್ಬೇಕು. ಅವನೊಬ್ಬನ ಸಂಬಳದಲ್ಲಿ ಆಗ್ತದಾ? ನೇಜಿ ನೆಡುವವಳನ್ನು ನಾನು ಎಲ್ಲಿ ನಿಲ್ಲಿಸುದು?"

ಪ್ರೇಮಾವತಿಗೆ ಎಲ್ಲ ಕೇಳಿಸಿತ್ತು. ಕೊಡೆ ಮರೆಯಾಗುವವರೆಗೂ ಅವಳು ಬಗ್ಗಿದ ಬೆನ್ನು ಎತ್ತಲಿಲ್ಲ. ಅವಳ ಸಾಲು ಸೊಟ್ಟಗಾದದ್ದನ್ನು ಪೂವಮ್ಮ ಅಂದೇ ಮೊದಲು ಕಂಡಳು.

ಮದುವೆಯ ಮಾತೆತ್ತದ ಆಟಿ ತಿಂಗಳು ಕಳೆದ ಮೇಲೆ ಸುದ್ದಿ ಬಂತು. ಅಚ್ಚುತನಿಗೆ ರಾಮಕುಂಜದ ಕಡೆಯ ಹೆಣ್ಣು ನಿಶ್ಚಯವಾಗಿತ್ತು. ಬೀಡಿಯಲ್ಲಿ ಒಳ್ಳೆಯ ಕೈಯಂತೆ. ಮರುದಿನವೇ ಪೂವಮ್ಮ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ, ನಾಚಿಕೆ ಬಿಟ್ಟು ಎಲೆ, ಹುಡಿ, ನೂಲು ಕೇಳಿ ತಂದಳು. ಅಂದು ಎಸೆದ ಗೆರಸೆಯನ್ನೇ ಮಗಳ ಮುಂದಿಟ್ಟು, "ಕಲಿ ಮಗಳೇ" ಎಂದಳು.

"ಇನ್ನು ಎಂತಕೆ ಅವ್ವ?"

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಪೂವಮ್ಮನ ಮನಸ್ಸು ಹಗುರಾಗುತ್ತಿತ್ತು. ಕೇಳಿದ್ದಷ್ಟೇ, ಹುಡುಗಿ ಕತ್ತರಿ ಎತ್ತಿಕೊಂಡಳು.

ಮುಂದಿನ ಮಳೆಗಾಲ ನೇಜಿ ಕಿತ್ತು ಕಟ್ಟಿಟ್ಟು ಪೂವಮ್ಮ ಜಗಲಿಯತ್ತ ಕೂಗಿದಳು. ಮಗಳು ತಲೆ ಎತ್ತಲಿಲ್ಲ.

"ಇವತ್ತು ಬ್ರಾಂಚಿಗೆ ಕೊಡ್ಲಿಕ್ಕುಂಟು. ನೀವು ನೆಡಿ."

ಪೂವಮ್ಮ ಒಬ್ಬಳೇ ಕೆಸರಿಗಿಳಿದಳು. 'ನಾವು ಮೊದಲನೆಯವರು' ಎಂಬ ಪುಸ್ತಕದ ಮಾತನ್ನು ಅವಳು ಎತ್ತದೆ ವರ್ಷವಾಗುತ್ತ ಬಂದಿತ್ತು. ಅಭ್ಯಾಸಬಲದಿಂದ ಹಾಡಿನ ಮೊದಲ ಸಾಲು ಬಾಯಿಗೆ ಬಂತು. ಹಾಡಿ, ಕೈಯಲ್ಲಿ ನೇಜಿ ಹಿಡಿದು ಕಾದಳು. ಜಗಲಿಯಲ್ಲಿ ಕತ್ತರಿಯ ಸದ್ದು ನಿಂತಿತು. ಪೂವಮ್ಮ ಅತ್ತ ತಿರುಗಿದಳು.

ಮತ್ತೆ ಎಲೆ ಕತ್ತರಿಸುವ ಸದ್ದು ಶುರುವಾಯಿತು. ಪೂವಮ್ಮ ಅಳುತ್ತಲೇ ಬಗ್ಗಿ, ಮರುಸಾಲನ್ನೂ ತಾನೇ ಹೇಳಿಕೊಂಡಳು.