ಇಪ್ಪತ್ತೊಂದು ಸಾವಿರ ಕ್ಯಾಲೊರಿ

ವೆರೋನಿಕಾಗೆ ಗಂಡನ ಮೇಲೆ ಅನುಮಾನ ಬಂದದ್ದು ಮದುವೆಯಾದ ಇಪ್ಪತ್ತೆಂಟನೆಯ ವರ್ಷದಲ್ಲಿ, ಅದೂ ಒಂದು ಗುಣಾಕಾರ ಮಾಡಿದ ಮೇಲೆ.

ಅವಳು ಹಾನುಬಾಳಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಯಾವ ಹುಡುಗ ಯಾರ ಹಾಳೆ ನೋಡಿ ಬರೆದಿದ್ದಾನೆ ಎಂಬುದನ್ನು ಅವಳು ಸರಿ ಉತ್ತರದಿಂದಲ್ಲ, ತಪ್ಪು ಉತ್ತರದಿಂದ ಹಿಡಿಯುತ್ತಿದ್ದಳು. ಇಬ್ಬರೂ ಒಂದೇ ಕಡೆ ಎಡವಿದ್ದರೆ ಸಾಕು, ಇಬ್ಬರನ್ನೂ ಕರೆದು ನಿಲ್ಲಿಸುತ್ತಿದ್ದಳು. ಗಂಡ ರಾಫೆಲ್ ಊರಿಂದ ಐದು ಕಿಲೋಮೀಟರ್ ಮೇಲಿನ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೆಲಸದ ಉಸ್ತುವಾರಿ ಎಲ್ಲ ಅವನದೇ. ಬೆಳಿಗ್ಗೆ ಎಸ್ಟೇಟಿನ ಜೀಪು ಬಂದು ಕರೆದೊಯ್ಯುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಇಬ್ಬರ ಹಿರಿಯರೂ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಮನೆಯಲ್ಲಿ ಮಾತು ಕೊಂಕಣಿ. ಕೊಂಕಣಿಯಲ್ಲಿ ಗಂಡನನ್ನು ಏಕವಚನದಲ್ಲಿ ಕರೆಯುವ ವೆರೋನಿಕಾ ಸಿಟ್ಟು ಬಂದರೆ ಕನ್ನಡಕ್ಕೆ ತಿರುಗಿ ‘ನೀವು’ ಎನ್ನುತ್ತಿದ್ದಳು. ‘ನೀವು’ ಬಂತೆಂದರೆ ಏನೋ ಕೆಟ್ಟಿದೆ ಎಂದು ರಾಫೆಲನಿಗೆ ಗೊತ್ತಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ರಾಫೆಲನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಗೊತ್ತಾಯಿತು. ಸಕಲೇಶಪುರದ ಡಾಕ್ಟರ್ ದಯಾನಂದ ಮಾತ್ರೆ ಬರೆದುಕೊಟ್ಟು, “ಎಂಬತ್ತೊಂಬತ್ತು ಕಿಲೋ ಇದ್ದೀರಿ. ಕ್ರಿಸ್‌ಮಸ್ಸಿನ ಹೊತ್ತಿಗೆ ನಾಲ್ಕು ಕಿಲೋ ಇಳಿಸಿ,” ಎಂದರು. ಮಂಗಳೂರಿನಲ್ಲಿ ನರ್ಸ್ ಆಗಿರುವ ಮಗಳು ಮೆಲಿಸ್ಸಾ ರಜೆಗೆ ಬಂದವಳು ಅಪ್ಪನ ಕೈಗೆ ಒಂದು ಗಡಿಯಾರ ಕಟ್ಟಿ, ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಎಷ್ಟು ನಡೆದ, ಎಷ್ಟು ಕ್ಯಾಲೊರಿ ಕರಗಿತು ಎಂಬುದನ್ನು ಗಡಿಯಾರ ತಾನಾಗಿಯೇ ಬರೆದುಕೊಳ್ಳುತ್ತದೆ. ತಿಂದದ್ದನ್ನು ಮಾತ್ರ ನಾವು ಬರೆಯಬೇಕು. ಸಣ್ಣ ಅಕ್ಷರ ರಾಫೆಲನಿಗೆ ಕಾಣದು, ತಾಳ್ಮೆಯೂ ಇಲ್ಲ. ಹಾಗಾಗಿ ಬರೆಯುವ ಕೆಲಸ ವೆರೋನಿಕಾಳ ಪಾಲಿಗೆ ಬಂತು. ಬೇಡವೆನ್ನುವ ಹೆಂಗಸೂ ಅವಳಲ್ಲ.

ಅಕ್ಕಿರೊಟ್ಟಿ ಎಂದು ಒತ್ತಿದರೆ ಅಕ್ಕಿರೊಟ್ಟಿ ಬರುತ್ತಿತ್ತು, ಒಂದಕ್ಕೆ ನೂರಹತ್ತು ಕ್ಯಾಲೊರಿ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರುಳಿಕಾಯಿ ಪಲ್ಯ ಎಲ್ಲಕ್ಕೂ ಒಂದೊಂದು ಅಂಕಿ. ದಿನಕ್ಕೆ ಕರಗುವುದಕ್ಕಿಂತ ಐನೂರು ಕಮ್ಮಿ ತಿನ್ನಬೇಕು ಎಂದು ಆ್ಯಪ್ ಹೇಳಿತು. ಪ್ರತಿ ಸಂಜೆ ಪರದೆಯ ಮೇಲೆ ಐನೂರು ಹಸಿರು ಬಣ್ಣದಲ್ಲಿ ಮೂಡುತ್ತಿತ್ತು. ವೆರೋನಿಕಾಗೆ ಪರೀಕ್ಷೆಯಲ್ಲಿ ತಾನೇ ಪಾಸಾದಷ್ಟು ಸಮಾಧಾನ.

ಆರು ವಾರ ಕಳೆದ ಮೇಲೆ ರಾಫೆಲನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಎಂಬತ್ತೆಂಟು ಕಿಲೋ ಎಂಟುನೂರು ಗ್ರಾಂ.

ಅವಳು ಇನ್ನೊಮ್ಮೆ ನಿಲ್ಲಿಸಿದಳು. ಅಷ್ಟೇ.

ಅಡುಗೆಮನೆಗೆ ಹೋಗಿ ಹಾಲಿನ ಕವರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ನಲವತ್ತೆರಡು ದಿನ, ದಿನಕ್ಕೆ ಐನೂರು. ಇಪ್ಪತ್ತೊಂದು ಸಾವಿರ ಕ್ಯಾಲೊರಿ. ಹತ್ತಿರ ಹತ್ತಿರ ಮೂರು ಕಿಲೋ ಇಳಿಯಬೇಕಿತ್ತು. ತಾನು ಹಾಕಿದ್ದನ್ನು ತಾನೇ ಬರೆದಿದ್ದಾಳೆ. ಕರಗಿದ್ದನ್ನು ಗಡಿಯಾರ ಬರೆದಿದೆ, ಅದಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ? ಉಳಿದವನು ಒಬ್ಬನೇ.

ಅಂದಿನಿಂದ ಅವಳ ಕಣ್ಣು ಬದಲಾಯಿತು. ಅಂಗಿ ಒಗೆಯುವ ಮೊದಲು ಜೇಬು ಹುಡುಕಿದಳು, ಕಾಲರು ಮೂಸಿದಳು. ಬೇಕರಿಯವನ ಹತ್ತಿರ ಬ್ರೆಡ್ ಕೊಳ್ಳುವ ನೆಪದಲ್ಲಿ, “ನಮ್ಮವರು ಬಂದಿದ್ರಾ?” ಎಂದು ವಿಚಾರಿಸಿದಳು. ಇಲ್ಲ ಎಂದ. ಇವನಿಗೂ ಹೇಳಿಕೊಟ್ಟಿರಬಹುದು ಎಂದುಕೊಂಡಳು. ಒಂದು ದಿನ ರಾಫೆಲನ ಚೀಲದಲ್ಲಿ ಎಣ್ಣೆಯ ಕಲೆಯಿದ್ದ ಕಾಗದ ಸಿಕ್ಕಿತು. ಪಫ್ಸ್ ಕಟ್ಟಿಕೊಡುತ್ತಾರಲ್ಲ, ಅಂಥದು.

“ನೀವು ಹೊರಗೆ ಏನಾದರೂ ತಿಂತೀರಾ?” ಎಂದು ಕೇಳಿದಳು.

‘ನೀವು’ ಕೇಳಿ ರಾಫೆಲ್ ತಲೆಯೆತ್ತಿದ. “ಇಲ್ಲ. ಯಾಕೆ?”

“ಈ ಕಾಗದ?”

“ಪ್ರವೀಣ ತಿಂದು ಜೀಪಲ್ಲೇ ಬಿಸಾಡಿದ್ದ. ಎಸೆಯೋಣ ಅಂತ ಚೀಲಕ್ಕೆ ಹಾಕ್ಕೊಂಡೆ, ಮರೆತೆ.”

ಪ್ರವೀಣ ಎಸ್ಟೇಟಿನ ಜೀಪ್ ಡ್ರೈವರ್. ಉತ್ತರ ನೇರವಾಗಿತ್ತು. ನಕಲು ಮಾಡಿದ ಹುಡುಗರ ಉತ್ತರವೂ ಹೀಗೆಯೇ ನೇರವಾಗಿರುತ್ತದೆ. ವೆರೋನಿಕಾ ಮತ್ತೆ ಕೇಳಲಿಲ್ಲ. ಬೇರೆ ದಾರಿ ಹಿಡಿದಳು.

ಹೊರಗೆ ಐನೂರು ತಿನ್ನುತ್ತಿದ್ದಾನೆಂದರೆ ಒಳಗೆ ಐನೂರು ಕಡಿಮೆ ಮಾಡಿದರಾಯಿತು. ಮರುದಿನದಿಂದ ಎರಡು ರೊಟ್ಟಿಯ ಹಿಟ್ಟಿನಲ್ಲೇ ಮೂರು ತೆಳು ರೊಟ್ಟಿ ತಟ್ಟಿದಳು. ಊಟದ ಡಬ್ಬಿಯ ತಳಕ್ಕೆ ಬೇಯಿಸಿದ ಕೋಸು ಹರಡಿ, ಮೇಲೆ ಒಂದು ಪದರ ಅನ್ನ ಮುಚ್ಚಿದಳು. ಆ್ಯಪಿನಲ್ಲಿ ಮಾತ್ರ ಹಿಂದಿನಂತೆಯೇ ಬರೆದಳು: ರೊಟ್ಟಿ ಮೂರು, ಅನ್ನ ಒಂದೂವರೆ ಬಟ್ಟಲು. ಕಮ್ಮಿ ಬರೆದರೆ ಅವನು ನೋಡಿ ಎಚ್ಚರಗೊಳ್ಳುತ್ತಾನೆ.

“ಈಚೆಗೆ ಹಸಿವು ಜಾಸ್ತಿಯಾಗಿದೆ, ವೆರಾ,” ಎಂದ ರಾಫೆಲ್ ನಾಲ್ಕು ದಿನ ಬಿಟ್ಟು.

“ಹೌದಾ,” ಎಂದಳು. ಇನ್ನೂ ಹೆಚ್ಚು ತಿನ್ನಲು ಪೀಠಿಕೆ ಹಾಕುತ್ತಿದ್ದಾನೆ ಅನ್ನಿಸಿತು.

ಮೂರು ವಾರದಲ್ಲಿ ತಕ್ಕಡಿ ಒಂದೂಕಾಲು ಕಿಲೋ ಇಳಿಯಿತು. ವೆರೋನಿಕಾಗೆ ಕಳ್ಳನನ್ನು ಹಿಡಿದ ಹಾಗಾಯಿತು. ತಾನು ಕಡಿಮೆ ಮಾಡಿದೆ, ತೂಕ ಇಳಿಯಿತು. ಹಾಗಾದರೆ ಮೊದಲು ಅವನು ತಿನ್ನುತ್ತಿದ್ದದ್ದು ನಿಜ. ಅವನು ಹೊರಗೆ ತಿನ್ನದಿದ್ದರೂ ತೂಕ ಇಳಿಯುತ್ತಿತ್ತು, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಯಾವ ಹತ್ತನೇ ಕ್ಲಾಸಿನ ಹುಡುಗ ಬರೆದಿದ್ದರೂ ಅವಳಿಗೆ ಕಾಣುತ್ತಿತ್ತು. ತನ್ನ ವಿಷಯದಲ್ಲಿ ಕಾಣಲಿಲ್ಲ.

ಡಿಸೆಂಬರಿನಲ್ಲಿ ಹಣ್ಣು ಕೊಯ್ಲು ಜೋರಾಯಿತು. ಜೀಪಿನ ತುಂಬ ಕಾಫಿ ಹಣ್ಣಿನ ಚೀಲ, ಕೂರಲು ಜಾಗವಿಲ್ಲ. ರಾಫೆಲ್ ದಿನವಿಡೀ ಇಳಿಜಾರಿನ ತೋಟದಲ್ಲಿ ಹತ್ತಿ ಇಳಿಯತೊಡಗಿದ. ಒಂದು ಗುರುವಾರ ಹನ್ನೊಂದೂವರೆಗೆ, ವೆರೋನಿಕಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಪ್ರವೀಣನ ಫೋನ್ ಬಂತು.

“ಟೀಚರ್, ರೈಟರ್ ಬಿದ್ದುಬುಟ್ರು. ಸಕಲೇಶಪುರಕ್ಕೆ ಕರ್ಕೊಂಡೋಗ್ತಾ ಇದೀನಿ. ಸ್ಕೂಲ್ ಹತ್ರ ನಿಲ್ಲಿಸ್ತೀನಿ, ಬಂದ್ಬುಡಿ.”

ಜೀಪಿನ ಹಿಂದಿನ ಸೀಟಿನಲ್ಲಿ ರಾಫೆಲ್ ಒರಗಿದ್ದ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಅವನ ಭುಜ ಹಿಡಿದು ಕೂತಿದ್ದವಳು ಬಸಮ್ಮ, ಕೊಯ್ಲಿನ ಹೆಂಗಸರ ಗುಂಪಿನಲ್ಲಿ ಹಿರಿಯಳು.

“ಮಾತು ತೊದಲ್ತಾ ಇದ್ರು ಕಣ್ರವ್ವ,” ಎಂದಳು ಬಸಮ್ಮ. “ನನ್ನ ಹೆಸ್ರೇ ಮರ್ತೋಗಿತ್ತು ಅವ್ರಿಗೆ. ಕೈ ನಡುಗ್ತಿತ್ತು. ನಮ್ಮವ್ವಂಗೂ ಸಕ್ಕರೆ ಕಾಯ್ಲೆ ಇತ್ತಲ್ಲ, ಹಿಂಗೇ ಆಗೋದು. ಅದ್ಕೇ ಬೆಲ್ಲದ ಟೀ ಕುಡಿಸ್ಬುಟ್ಟೆ. ಈಗ ವಾಸಿ ಐತೆ.”

ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ನೋಡಿದರು. ಟೀ ಕುಡಿದ ಮೇಲೂ ಸಕ್ಕರೆ ಐವತ್ತೆಂಟೇ, ಎಪ್ಪತ್ತಕ್ಕಿಂತ ಕೆಳಗೆ ಹೋಗಬಾರದು. ಡ್ರಿಪ್ ಹಾಕುವಾಗ ನರ್ಸ್ ಗಡಿಯಾರ ಬಿಚ್ಚಿ ವೆರೋನಿಕಾಳ ಕೈಗಿಟ್ಟಳು. ಡಾಕ್ಟರ್ ದಯಾನಂದ ಮಂಚದ ಪಕ್ಕ ನಿಂತು, “ಬೆಳಿಗ್ಗೆಯಿಂದ ಏನು ತಿಂದಿರಿ?” ಎಂದು ಕೇಳಿದರು.

ರಾಫೆಲನ ನಾಲಿಗೆ ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. ಅವನು ಫೋನ್ ತೋರಿಸಿದ. “ಎಲ್ಲ ಇದರಲ್ಲಿ ಇದೆ ಡಾಕ್ಟ್ರೇ. ನಮ್ಮ ಮನೆಯವರು ಒಂದೂ ಬಿಡದೆ ಬರೀತಾರೆ.”

ಡಾಕ್ಟರ್ ಪರದೆ ಸರಿಸುತ್ತ ಹೋದರು. ಹುಬ್ಬು ಗಂಟಿಕ್ಕಿತು. “ಇಷ್ಟು ತಿಂದಿದ್ದೀರಿ. ಮಾತ್ರೆಯೂ ಅದೇ. ಸಕ್ಕರೆ ಹೀಗೆ ಇಳಿಯಬಾರದಲ್ಲ.” ಸ್ವಲ್ಪ ಯೋಚಿಸಿ, “ಕಿಡ್ನಿ ನೋಡಬೇಕಾಗಬಹುದು. ಹೊಟ್ಟೆಯ ಸ್ಕ್ಯಾನ್ ಕೂಡ. ಹಾಸನಕ್ಕೆ ಬರೆದುಕೊಡ್ತೀನಿ,” ಎಂದರು.

ರಾಫೆಲ್ ಹೆಂಡತಿಯ ಕಡೆ ತಿರುಗಿದ. ಅವನ ಅಪ್ಪ ಕಿಡ್ನಿ ಕೆಟ್ಟೇ ತೀರಿಕೊಂಡಿದ್ದ. ಆ ಮುಖದಲ್ಲಿ ಅಷ್ಟು ಭಯವನ್ನು ಅವಳು ಕಂಡಿರಲೇ ಇಲ್ಲ. ಆ ಭಯ ನೋಡಿಯೂ ಅವಳು ಮೊದಲು ಬಾಗಿಲ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಬಸಮ್ಮ ಇದ್ದಳು, ಪ್ರವೀಣ ಇದ್ದ. ಪ್ರವೀಣ ಅವಳ ಬಳಿಯೇ ಎಂಟನೇ ಕ್ಲಾಸು ಓದಿದವನು.

“ಸ್ಕ್ಯಾನ್ ಬೇಡ ಡಾಕ್ಟ್ರೇ,” ಎಂದಳು ಕೊನೆಗೆ. “ಅದರಲ್ಲಿರೋದು ಸುಳ್ಳು. ಮೂರ್ನಾಲ್ಕು ವಾರದಿಂದ ನಾನು ಕಮ್ಮಿ ಹಾಕ್ತಾ ಇದ್ದೀನಿ. ಬರೆಯೋದು ಮಾತ್ರ ಮೊದಲಿನ ಹಾಗೆ.”

“ಎಷ್ಟು ಕಮ್ಮಿ?”

“ದಿನಕ್ಕೆ ಐನೂರು, ಆರುನೂರು.”

“ಯಾಕಮ್ಮ?”

“ಹೊರಗೆ ತಿಂತಾರೆ ಅಂದುಕೊಂಡಿದ್ದೆ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಬರೆಯುತ್ತಿದ್ದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಈ ಮಾತ್ರೆ ನುಂಗಿ ಅರೆಹೊಟ್ಟೆಯಲ್ಲಿ ಗುಡ್ಡ ಹತ್ತಿದರೆ ಯಾರೇ ಆದರೂ ಬೀಳುತ್ತಾರೆ, ಬಸಮ್ಮ ಇಲ್ಲದಿದ್ದರೆ ಕಷ್ಟವಿತ್ತು ಎಂದು ಮೆಲ್ಲಗೆ ಹೇಳಿದರು. ಸಂಜೆಯವರೆಗೆ ಇಟ್ಟುಕೊಳ್ಳುತ್ತೇವೆ, ಮತ್ತೆ ಇಳಿಯುವ ಸಾಧ್ಯತೆ ಇದೆ ಎಂದರು. ರಾಫೆಲ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಬಟ್ಟೆ ಮತ್ತು ಹಳೆಯ ರಿಪೋರ್ಟು ತರಲು ವೆರೋನಿಕಾ ಜೀಪಿನಲ್ಲಿ ಮನೆಗೆ ಹೊರಟಳು. ಗಡಿಯಾರ ಕಳೆದೀತೆಂದು ಕೈಗೆ ಕಟ್ಟಿಕೊಂಡು, ಅವನ ಫೋನನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು. ಮೊದಲು ಬಸಮ್ಮನನ್ನು ಎಸ್ಟೇಟಿನ ಲೈನಿಗೆ ಬಿಡಬೇಕಿತ್ತು. ಆಳುಗಳ ಮನೆಗಳಿರುವ ಆ ಲೈನಿನ ದಾರಿ ಬರೀ ಕಲ್ಲು. ಜೀಪು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಬೀಳದಿರಲು ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಣಿಕಟ್ಟಿನ ಗಡಿಯಾರ ಗುಂಯ್‌ಗುಟ್ಟಿತು. ನೋಡಿದಳು. ‘ಅಭಿನಂದನೆಗಳು, ಇಂದಿನ ಗುರಿ ತಲುಪಿದ್ದೀರಿ.’

“ಜೀಪು ನಿಲ್ಲಿಸು, ಪ್ರವೀಣ.”

ನಿಲ್ಲಿಸಿದ. ಗಡಿಯಾರದಲ್ಲಿ ಹೆಜ್ಜೆಯ ಅಂಕಿ ನಿಂತಿತು. ಹೊರಡಲು ಹೇಳಿದಳು. ಅಂಕಿ ಓಡಿತು. ಗುರಿಯ ಮೇಲೆ ಇನ್ನೂರು ಹೆಜ್ಜೆ, ಮುನ್ನೂರು, ನಾನೂರು. ಕೂತ ಜಾಗದಲ್ಲಿ ಅವಳು ನಡೆಯುತ್ತಲೇ ಇದ್ದಳು.

“ರೈಟರ್ ದಿನಾ ಎಷ್ಟು ಹೊತ್ತು ಜೀಪಲ್ಲಿ ಇರ್ತಾರೆ?”

“ಕೊಯ್ಲಿಗೆ ಮುಂಚೆ ಎರಡ್ಮೂರು ಗಂಟೆ ಇರ್ತಿದ್ರು ಟೀಚರ್. ತೋಟದ ಎಲ್ಲ ಬ್ಲಾಕೂ ಸುತ್ತಬೇಕಲ್ಲ. ಈ ಕಂಬೀನೇ ಹಿಡ್ಕೊಂಡು ಕೂರೋರು.”

ಮನೆಗೆ ಬಂದವಳು ಬಟ್ಟೆಗೆ ಕೈ ಹಾಕುವ ಮೊದಲು ಅಡುಗೆಮನೆಗೆ ಹೋದಳು. ತನ್ನ ಪಾಲಿನ ಒಂದು ರೊಟ್ಟಿ, ತೆಳು ಮಾಡದ್ದು, ಮುಚ್ಚಿಟ್ಟಿದ್ದು ಹಾಗೇ ಇತ್ತು. ಅದನ್ನು ಕೇಕ್ ಮಾಡುವಾಗ ಬಳಸುವ ಪುಟ್ಟ ತಕ್ಕಡಿಗೆ ಹಾಕಿದಳು. ತೊಂಬತ್ತೆರಡು ಗ್ರಾಂ. ಆ್ಯಪಿನಲ್ಲಿ ಇನ್ನಷ್ಟು ಒಳಗೆ ಒತ್ತಿ ನೋಡಿದರೆ ಅವರ ರೊಟ್ಟಿ ನಲವತ್ತೈದು ಗ್ರಾಂ. ತವದ ಮೇಲೆ ತಾನು ಸುತ್ತಲೂ ಬಿಡುವ ಎಣ್ಣೆಯ ಸುದ್ದಿಯೇ ಅಲ್ಲಿರಲಿಲ್ಲ. ಕರಗದ್ದನ್ನು ಗಡಿಯಾರ ಕರಗಿತೆಂದು ಬರೆದಿತ್ತು. ತಿಂದ ರೊಟ್ಟಿಯಲ್ಲಿ ಅರ್ಧವನ್ನು ತಾನು ಬರೆದೇ ಇರಲಿಲ್ಲ. ಇಪ್ಪತ್ತೊಂದು ಸಾವಿರ ಕ್ಯಾಲೊರಿಯನ್ನು ಯಾವ ಬೇಕರಿಯಲ್ಲೂ ಹುಡುಕಬೇಕಾಗಿರಲಿಲ್ಲ.

ಸಂಜೆ ರಾಫೆಲನನ್ನು ಮನೆಗೆ ಕರೆತಂದು, ಗಂಜಿ ಕೊಟ್ಟು, ಇದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೆ ಕೇಳಿದ.

“ಡಬ್ಬಿಯ ತಳದಲ್ಲಿ ಕೋಸು ಇದ್ದದ್ದು ನನಗೆ ಗೊತ್ತಿತ್ತು,” ಎಂದ. “ಡಾಕ್ಟರ್ ನಿನಗೆ ಹೇಳಿರಬೇಕು ಅಂದುಕೊಂಡೆ. ಅಂಗಿ ಮೂಸುತ್ತಿದ್ದದ್ದೂ ಗೊತ್ತಿತ್ತು. ಕುಡೀತೀನಿ ಅಂತ ಅನುಮಾನವೇನೋ, ಕೇಳಿದರೆ ಹೇಳೋಣ ಅಂತ ಕಾದೆ.”

“ಕೇಳಿದ್ದೆನಲ್ಲ, ಹೊರಗೆ ತಿಂತೀಯಾ ಅಂತ.”

“ಕೇಳಿದೆ. ಇಲ್ಲ ಅಂದೆ. ಅಷ್ಟು ಸಾಕಾಗಬೇಕಿತ್ತು, ವೆರಾ.”

ತಪ್ಪಾಯಿತು ಎಂದಳು. ಅವನು ಎದ್ದು ಗಂಜಿಯ ಬಟ್ಟಲನ್ನು ತಾನೇ ತೊಳೆದಿಟ್ಟ. ಮೆಲಿಸ್ಸಾಗೆ ಫೋನ್ ಮಾಡಿದಾಗ, “ಆ ಅಂಕಿಗಳೆಲ್ಲ ಅಂದಾಜು ಮಮ್ಮಿ, ಅವರೇ ಕೆಳಗೆ ಸಣ್ಣದಾಗಿ ಬರೆದಿರ್ತಾರೆ,” ಎಂದಳು. ಆಮೇಲೆ, “ಪಪ್ಪನಿಗೆ ಫೋನ್ ಕೊಡು,” ಎಂದಳು.

ಕೆಲಸಕ್ಕೆ ಮರಳಿದ ದಿನದಿಂದ ರಾಫೆಲ್ ತನ್ನ ಡಬ್ಬಿಯನ್ನು ತಾನೇ ತುಂಬಿಕೊಂಡ. ತುಂಬುವಾಗ ಅನ್ನ ನೆಲಕ್ಕೆ ಚೆಲ್ಲಿದರೂ ವೆರೋನಿಕಾ ಕೈ ಹಾಕಲಿಲ್ಲ. ಡಾಕ್ಟರ್ ಮಾತ್ರೆ ಬದಲಿಸಿದರು. ಗಡಿಯಾರ ಹೊತ್ತು ನೋಡಲು ಮಾತ್ರ ಉಳಿಯಿತು. ಸಂಜೆ ಇಬ್ಬರೂ ಚರ್ಚಿನವರೆಗೆ ನಡೆದು ಬರತೊಡಗಿದರು. ಮೊದಮೊದಲು ಅವನು ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ. ಕ್ರಿಸ್‌ಮಸ್ ಕಳೆಯುವ ಹೊತ್ತಿಗೆ ಜೊತೆಗೆ ಬಂದ.

ಹೊಸ ವರ್ಷದ ಮೊದಲ ಭಾನುವಾರ ವೆರೋನಿಕಾ ಒಂದು ಸೀರೆ, ಕ್ರಿಸ್‌ಮಸ್ಸಿಗೆ ಕರಿದಿದ್ದ ಸಿಹಿ ಕಲ್ಕಲ್ ಒಂದು ಡಬ್ಬಿ ತೆಗೆದುಕೊಂಡು ಬಸಮ್ಮನ ಮನೆಗೆ ಹೋದಳು. ಕಾಫಿ ಕುಡಿದಳು. ಎದ್ದು ಹೊರಡುವಾಗ ಬಾಯಿ ತಡೆಯಲಿಲ್ಲ. “ಬಸಮ್ಮ, ತೋಟದಲ್ಲಿ ಅವರು ಏನಾದರೂ ತಿಂತಿದ್ರಾ? ನಿಜ ಹೇಳು.”

ಬಸಮ್ಮ ಅವಳ ಮುಖವನ್ನೇ ನೋಡಿದಳು. “ಇಲ್ಲ ಕಣ್ರವ್ವ. ನಾವು ಕೊಟ್ರೂ ಮುಟ್ತಿರ್ಲಿಲ್ಲ. ಟೀಚರ್ ಬರ್ದಿರ್ತಾರೆ, ಅದ್ರಲ್ಲಿ ಇಲ್ದಿದ್ದು ತಿಂದ್ರೆ ಲೆಕ್ಕ ತಪ್ಪೋಗ್ತದೆ ಅಂತಿದ್ರು.”

ಮನೆಗೆ ಬಂದು ಇದನ್ನೂ ರಾಫೆಲನಿಗೆ ಹೇಳಿದಳು. ಹೇಳದೆ ಇರಬಹುದಿತ್ತು. ಆದರೆ ಮುಚ್ಚಿಡುವುದು ಅವಳಿಗೆ ಸಾಕಾಗಿತ್ತು. ಸಂಜೆಯ ನಡಿಗೆಗೆಂದು ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ.

“ಹೋಗಿ ಕೇಳಿದೆಯಾ?”

“ಕೇಳಿದೆ.”

“ಒಂದು ಸಲ ತಿಂದಿದ್ದೆ,” ಎಂದ ರಾಫೆಲ್. “ಪ್ರವೀಣನ ಮನೆ ಗೃಹಪ್ರವೇಶ. ಅಕ್ಟೋಬರಿನಲ್ಲಿ. ಹೋಳಿಗೆ.”

“ಎಷ್ಟು?”

“ಎರಡು.”

“ತುಪ್ಪ?”

“ಹಾಕಿಕೊಂಡೇ.”

ವೆರೋನಿಕಾ ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, ಎಷ್ಟೋ ದಿನಗಳ ಮೇಲೆ ನಕ್ಕಳು. ರಾಫೆಲ್ ನಗಲಿಲ್ಲ, ಆದರೆ ಏಳಲೂ ಇಲ್ಲ. ಅವಳು ಇನ್ನೊಂದು ಶೂ ಹುಡುಕಿ ಕೊಡುವವರೆಗೆ ಅಲ್ಲಿಯೇ ಕೂತಿದ್ದ.