ದಿಲ್ಲಿ ಪರೀಕ್ಷೆ ದಿನದ ಖಿಚಡಿ

ದೇವಾನಂದ ಸರ್‌ಗೆ ನೋಟಿಸ್ ಬಂತು, ಬದಲಿ ಆತು ಅಂತ ಜನ ನನ್ನ ಮುಂದ ಬಂದು ಹೇಳ್ತಾರ. ಹೇಳ್ಲಿ ಬಿಡ್ರಿ. ಅದು ಮ್ಯಾಲಿನವರು ಕೊಟ್ಟ ಶಿಕ್ಷಾ. ನಾ ಕೊಟ್ಟ ಶಿಕ್ಷಾ ಬ್ಯಾರೆ. ಅದು ಪರೀಕ್ಷೆ ದಿನ ಮುಂಜಾನೆ ಹತ್ತೂವರಿಗೇ ಮುಗದು ಹೋಗಿತ್ತು.

ನಾ ಹಾಲವ್ವ. ಯಾದಗಿರಿ ಕಡೀಂದ ಬಂದು ಹದಿನಾಲ್ಕು ವರ್ಷಾತು. ಗಂಡ ಶಾಂತಪ್ಪ ಬಿಲ್ಡಿಂಗ್ ಕೆಲಸಕ್ಕ ಹೋಗ್ತಾನ. ನಾ ಮುಂಬೈದಾಗ ಚೆಂಬೂರಿನ ಒಂದು ಮುನಸಿಪಾಲ್ಟಿ ಕನ್ನಡ ಶಾಲ್ಯಾಗ ಮಕ್ಕಳಿಗೆ ಖಿಚಡಿ ಬಡಿಸ್ತೀನಿ. ಖಿಚಡಿ ಬ್ಯಾರೆ ಕಡೆ ಬೇಯ್ತದ, ಟೆಂಪೋದಾಗ ಬರ್ತದ. ತಾಟು ಮಕ್ಕಳು ಮನಿಯಿಂದ ತರ್ತಾವ. ಸೌಟು ಮಾತ್ರ ನಂದು. ನಂದೊಂದು ಪದ್ಧತಿನೂ ಅದ, ನಮ್ಮವ್ವ ಕಲಿಸಿದ್ದು. ಹೆಸರು ಕರೀಲಾರದ ಹಾಕಿದ ಅನ್ನ ಮೈಗೆ ಹತ್ತಂಗಿಲ್ಲ ಅಂತಿದ್ಳು ಅಕಿ. ಅದಕ್ಕ ಒಂದೊಂದು ಕೂಸಿನ ಹೆಸರೂ ಅದರಪ್ಪನ ಹೆಸರೂ ಹಿಡದು ಕರೀತೀನಿ, ಆಮ್ಯಾಲೆ ಸೌಟು ಎತ್ತತೀನಿ. ನೂರಾ ಹನ್ನೊಂದು ಮಕ್ಕಳು ಅದಾವ. ಒಂದೂ ತಪ್ಪಂಗಿಲ್ಲ.

ನನ್ನ ಮಗಳು ರಂಜನಾ ಅದೇ ಶಾಲ್ಯಾಗ ಮೂರನೇತ್ತೆ. ಓದೋದು ನಿಧಾನ. ಅಕ್ಷರದ ಮ್ಯಾಲೆ ಬೆರಳಿಟ್ಟು, ತುಟಿ ಅಲುಗಾಡಿಸಿ ಓದ್ತಾಳ. ಆದ್ರ ಓದ್ತಾಳ್ರಿ, ಸುಳ್ಳು ಹೇಳಂಗಿಲ್ಲ.

ಈ ವರ್ಷ ದಿಲ್ಲಿ ಪರೀಕ್ಷೆ ಬರ್ತದ ಅಂತ ಗದ್ದಲ ಎದ್ದಿತು. ಇಡೀ ದೇಶಕ್ಕ ಒಂದೇ ದಿನ, ಒಂದೇ ಅಳತಿ, ಮೂರನೇತ್ತೆ ಮಕ್ಕಳಿಗೆ. ಹೆಡ್‌ಮಾಸ್ತರು ದೇವಾನಂದ ಸರ್, ಉಡುಪಿ ಕಡೆಯವರು, ಟೀಚರು ಸಾಲಂಗಿಲ್ಲಂತ ಮೂರನೇತ್ತೆಗೂ ಅವರೇ. ಎರಡು ತಿಂಗಳು ಪಾಠ ಬಂದ್. ಬರೇ ಪ್ರಾಕ್ಟೀಸ್ ಪೇಪರು. ಕಮ್ಮಿ ಬಂದ ಐದು ಮಕ್ಕಳನ್ನ ಹಿಂದ ಗ್ವಾಡಿಗೆ ಕೂಡಿಸಿದರು. ನನ್ನ ರಂಜನಾನೂ ಅಲ್ಲೇ.

ಒಂದಿನ ನಾ ಟೆಂಪೋದಿಂದ ಖಿಚಡಿ ಪಾತೇಲಿ ಇಳಿಸಾಕ ಹತ್ತಿದ್ದೆ, ಕಿಡಕಿಯಿಂದ ಸರ್ ದನಿ ಕೇಳಿಸ್ತು. "ನಿನಗೆ ಪೆನ್ಸಿಲ್ ಯಾಕೆ ರಂಜನಾ? ಅಮ್ಮನ ಸೌಟು ಉಂಟಲ್ಲ, ಅದನ್ನೇ ಹಿಡಿ." ಇಡೀ ಕ್ಲಾಸ್ ನಕ್ಕಿತು. ನನ್ನ ಮಗಳು ಅವತ್ತ ಮನಿಗೆ ಬಂದು ಪೆನ್ಸಿಲ್ ಎರಡು ತುಂಡು ಮಾಡಿ ಗಟಾರಕ್ಕ ಒಗದ್ಳು. ಸೌಟು ಹಿಡಿಯೋದಂದ್ರ ಏನಂತ ನಿನಗ ತೋರಿಸ್ಲಿಲ್ಲ ಅಂದ್ರ ನಾ ಹಾಲವ್ವನೇ ಅಲ್ಲ ಅಂತ ಅವತ್ತೇ ಅಂದ್ಕೊಂಡೆ.

ಪರೀಕ್ಷೆಗೆ ಎರಡು ದಿನ ಇತ್ತು. ಸರ್ ನನ್ನ ಕರದು, "ನಾಡಿದ್ದು ರಂಜನಾ ಬರುದು ಬೇಡ. ಆ ಐದು ಮಂದಿಗೆ ರಜೆ" ಅಂದ್ರು.

"ಯಾಕ್ರೀ ಸರ್? ಮಕ್ಕಳಿಗೆ ಏನು ಬರಂಗಿಲ್ಲ ಅಂತ ನೋಡಾಕ ಅಲ್ಲೇನು ಪರೀಕ್ಷೆ? ಬರಲಾರದವರನ್ನ ಮನ್ಯಾಗ ಕೂಡಿಸಿದ್ರ ದಿಲ್ಲಿಯವರಿಗೆ ಹೆಂಗ ಗೊತ್ತಾಗಬೇಕು?"

"ನಿನಗೆ ಅರ್ಥ ಆಗುದಿಲ್ಲ ಮಾರಾಯ್ತಿ. ಮಾರ್ಕು ಕಮ್ಮಿ ಬಂದ್ರೆ ಈ ಕನ್ನಡ ಶಾಲೆ ಯಾಕೆ ಅಂತ ಹಿಂದಿ ಶಾಲೆಗೆ ಸೇರಿಸ್ತಾರೆ. ಆಗ ನಿನ್ನ ಕೆಲಸವೂ ಹೋಗ್ತದೆ, ನೋಡು."

ಅದು ಸುಳ್ಳಲ್ಲ, ನನಗೂ ಗೊತ್ತದ. ಆಜೂಬಾಜೂ ಎರಡು ಕನ್ನಡ ಶಾಲಿ ಹಂಗೇ ಮುಚ್ಯಾವ. ಆದ್ರ ನನ್ನ ಮಗಳನ್ನ ತುಳದು ಶಾಲಿ ಉಳಿಸ್ತೀನಿ ಅಂದ್ರ ಅಂಥಾ ಶಾಲಿ ಯಾರಿಗೆ ಬೇಕ್ರಿ? "ಆತು ಸರ್" ಅಂದೆ. ತಲಿ ಬಗ್ಗಿಸಿ ಹೊರಗ ಬಂದೆ.

ಮರುದಿನ ನಾ ನಳದ ಕಡೆ ಪಾತೇಲಿ ತಿಕ್ಕುವಾಗ ಸರ್ ಫೋನಿನ್ಯಾಗ ಮಾತಾಡಾಕ ಹತ್ತಿದ್ರು. ಸಾಂತಾಕ್ರೂಜ್ ಕಡೆ ಒಂದು ಖಾಸಗಿ ಕನ್ನಡ ಶಾಲಿ, ಅಲ್ಲಿ ಅವರ ದೋಸ್ತ. "ಖಾಲಿ ಜಾಗ ಕಂಡ್ರೆ ಪರೀಕ್ಷೆಗೆ ಬರುವ ಮೇಡಂ ಬರ್ಕೊಳ್ತಾರೆ. ಐದು ಮಕ್ಕಳನ್ನು ಕಳಿಸು, ಐದನೇ ಕ್ಲಾಸಿನವರೇ ಇರಲಿ, ಗಿಡ್ಡ ಇದ್ದರೆ ಸಾಕು. ಯೂನಿಫಾರ್ಮ್ ನಾನು ಕೊಡ್ತೇನೆ."

ಅಯ್ಯ ಶಿವನೇ! ನನ್ನ ಮಗಳ ಜಾಗದಾಗ ಬ್ಯಾರೆ ಕೂಸು, ನನ್ನ ಮಗಳ ಹೆಸರು ಹಚ್ಚಿಕೊಂಡು! ನಾ ನಳ ಬಂದ್ ಮಾಡಿ ಸೀದಾ ಚಾಳಿಗೆ ಹೋದೆ. ಮಲ್ಲಕ್ಕನ ಮಗನೂ ಆ ಐದರಾಗ ಒಬ್ಬ. ಅಕಿ ಅಂದ್ಳು, "ಮಾಸ್ತರ ಕೂಡ ಜಗಳ ಯಾಕ ಬೇ, ಬಿಡು." ನಾ ಅಂದೆ, "ಜಗಳ ನಾ ಮಾಡ್ತೀನಿ. ನೀ ಬರೇ ಮಗನ ಕೈಯಾಗ ತಾಟು ಕೊಟ್ಟು ಟೆಂಪೋ ಹಿಂದ ನಿಂದ್ರಿಸು." ಉಳಿದ ಮೂರು ಮನಿಗೂ ಇದನ್ನೇ ಹೇಳಿದೆ. ಪರೀಕ್ಷೆ ಮಾಡಾಕ ಬರೋ ಮೇಡಂಗೆ ಮೂಲ್ಯಾಗ ಕರದು ಹೇಳಬಹುದಿತ್ತು. ನನಗ ಮೂಲಿ ಬ್ಯಾಡಾಗಿತ್ತು. ನನ್ನ ಮಗಳ ಮಾನ ಎಲ್ಲಾರ ಮುಂದ ಹೋಗಿತ್ತು, ಎಲ್ಲಾರ ಮುಂದೇ ವಾಪಸ್ ಬರಬೇಕಿತ್ತು.

ಪರೀಕ್ಷೆ ದಿನ ಮೇಡಂ ಬಂದ್ಳು. ಮರಾಠಿ ಹುಡುಗಿ, ಸಂಭಾವಿತಳು. ಹಾಜರಿ ಕರದ್ರ ಮೂರನೇತ್ತೆ ಇಪ್ಪತ್ತೆರಡಕ್ಕ ಇಪ್ಪತ್ತೆರಡು! ಸರ್ ಮುಖ ಹೋಳಿಗಿ ಹಂಗ ಉಬ್ಬಿತ್ತು. ಖಾಲಿ ಹೊಟ್ಟಿಲೆ ಬರಿಯೋದು ಬ್ಯಾಡ, ಮೊದಲ ಉಣ್ಲಿ ಅಂತ ಮೇಡಂ ಅಂದ್ಳು. ಎಲ್ಲಾ ಕ್ಲಾಸಿನವರು ತಾಟು ಹಿಡದು ಸಾಲಿಗೆ ನಿಂತ್ರು, ಮೂರನೇತ್ತೆ ಮುಂದ.

ನಾ ಸೌಟು ಹಿಡದು ಕರದೆ. "ರಂಜನಾ ಶಾಂತಪ್ಪ!"

ಯಾರೂ ಅಲುಗಾಡ್ಲಿಲ್ಲ. ಇನ್ನೊಮ್ಮೆ ಜೋರಾಗಿ ಕರದೆ. ಸರ್ ಒಂದು ಹುಡುಗಿ ಭುಜ ತಿವಿದ್ರು. ಎರಡು ಜಡಿ, ಎದಿಗೆ ಪಿನ್ ಹಚ್ಚಿದ ಚೀಟಿ, ಅದರ ಮ್ಯಾಲೆ ನನ್ನ ಮಗಳ ಹೆಸರು. ಕೂಸು ನನ್ನ ಮುಂದ ಬಂದು ಬರಿಗೈಲೆ ನಿಂತಿತು.

"ತಾಟು ಎಲ್ಲಿ ತಂಗಿ?"

"ತಾಟು ತರ್ಬೇಕಂತ ಸರ್ ಹೇಳ್ಲೇ ಇಲ್ಲ ಆಂಟಿ."

ನೋಡ್ರಿ, ಹೆಸರು ಕಲಿಸ್ಯಾನ, ಅಪ್ಪನ ಹೆಸರು ಕಲಿಸ್ಯಾನ, ರೋಲ್ ನಂಬರ್ ಕಲಿಸ್ಯಾನ, ತಾಟು ಮರತಾನ! ಈ ಶಾಲಿಗೆ ಬಂದ ಆರು ವರ್ಷದಾಗ ಒಂದು ದಿನ ಖಿಚಡಿ ಸಾಲಿನ ಕಡೆ ಹಾದಿದ್ರ ಗೊತ್ತಿರ್ತಿತ್ತು. ಹಿಂದ ನೋಡಿದ್ರ ಇನ್ನೂ ನಾಲ್ಕು ಚೀಟಿ ಮಕ್ಕಳು, ಎಲ್ಲಾ ಬರಿಗೈ.

"ಮನೆಯಲ್ಲಿ ಬಿಟ್ಟು ಬಂದಿದ್ದಾಳೆ, ಯಾವುದಾದರೂ ಮುಚ್ಚಳದಲ್ಲಿ ಹಾಕು" ಅಂದ್ರು ಸರ್.

"ಹಂಗಾದ್ರ ಅವರವ್ವನ್ನೇ ಕೇಳೋಣು ಸರ್" ಅಂದೆ. ಮೇಡಂ ಕಡೆ ತಿರುಗಿದೆ. "ಮೇಡಂ, ರಂಜನಾ ಕೀ ಮಾ ಮೈ ಹೂಂ. ಯೇ ಮೇರಿ ಬೇಟಿ ನಹೀ ಹೈ."

ರಂಜನಾನ ಅವ್ವ ನಾ, ಇದು ನನ್ನ ಮಗಳಲ್ಲ ಅಂತ ಹಿಂದಿಯಾಗೇ ಹೇಳಿದೆ. ನಾ ಟೆಂಪೋ ಕಡೆ ನೋಡಿ, "ರಂಜನಾ ಶಾಂತಪ್ಪ!" ಅಂತ ಮೂರನೇ ಸಲ ಕರದೆ. ನನ್ನ ಮಗಳು ತಾಟು ಎದಿಗೆ ಹಿಡಕೊಂಡು ಬಂದ್ಳು. ಹಿಂದ ಮಲ್ಲಕ್ಕನ ಮಗ, ಉಳಿದ ಮೂವರು. ಚೀಟಿ ಹಚ್ಚಿದ ಹುಡುಗಿ ಅಳಾಕ ಹತ್ತಿತು. ಆ ಕೂಸಿನ ಮ್ಯಾಲೆ ನನಗೇನು ಸಿಟ್ಟು? "ಖರೇ ಹೆಸರೇನವ್ವಾ?" ಅಂದೆ. "ನಿಖಿತಾ" ಅಂತು. ಚೀಟಿ ಕಿತ್ತು, ಡಬ್ಬಿ ಮುಚ್ಚಳದಾಗ ಖಿಚಡಿ ಹಾಕಿ, "ಉಣ್ಣು ನಿಖಿತಾ" ಅಂದೆ.

ಸರ್ ನನ್ನ ಹತ್ರ ಬಂದು ಪಿಸುಗುಟ್ಟಿದ್ರು. "ಹಾಲವ್ವ, ಮರ್ಯಾದೆ ತೆಗಿಬೇಡ ಮಾರಾಯ್ತಿ. ಏನೋ ತಪ್ಪಾಯ್ತು ಅಂತ ಹೇಳು. ಶಾಲೆ ಹೋಗ್ತದೆ. ನಿನ್ನ ಕಾಲು ಹಿಡೀತೇನೆ." ಹಣಿ ಮ್ಯಾಲೆ ಬೆವರು. ಖರೇ ಹೇಳ್ತೀನಿ, ಆ ಬೆವರು ನೋಡಿ ನನ್ನ ಹೊಟ್ಟಿ ತಣ್ಣಗಾತು. ಮಾಡಿದ್ದುಣ್ಣೋ ಮಹರಾಯ.

ಮೇಡಂ ಹಾಜರಿ ಪುಸ್ತಕ ಮುಚ್ಚಿದ್ಳು. ಇದನ್ನ ಇನ್ನ ನಂಬಂಗಿಲ್ಲ, ಈ ಮಕ್ಕಳ ಗುರುತು ಖಾತ್ರಿಲೆ ಹೇಳೋರು ಯಾರು ಅಂತ ಹಿಂದಿಯಾಗ ಕೇಳಿದ್ಳು. ಮಕ್ಕಳೆಲ್ಲಾ ನನ್ನ ಕಡೆ ಬೆರಳು ಮಾಡಿದ್ರು. "ನೀವು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹೇಳ್ರಿ, ಬರಿಯೋತನಕ ಅಲ್ಲೇ ಇರ್ರಿ" ಅಂತ ನನಗೂ ಹಿಂದಿಯಾಗೇ ಅಂದ್ಳು.

ಮೂರನೇತ್ತೆಯವರು ಉಂಡು ಎದ್ದರು. ಇನ್ನ ಉಳಿದ ಮಕ್ಕಳು ತಾಟು ಹಿಡದು ಕಾಯಾಕ ಹತ್ತಿದ್ರು. ಬಡಿಸೋರು ಯಾರು? ನಾ ಸೌಟು ಒಯ್ದು ದೇವಾನಂದ ಸರ್ ಕೈಯಾಗ ಇಟ್ಟೆ. "ಹಿಡೀರಿ ಸರ್. ನನ್ನ ಮಗಳು ಪೆನ್ಸಿಲ್ ಹಿಡಿಯೋದದ."

ಬಾಗಿಲದಾಗ ನಿಂತು ಇಪ್ಪತ್ತೆರಡು ಹೆಸರು ಹೇಳಿದೆ. ರಂಜನಾ ಮೊದಲನೇ ಬೆಂಚಿಗೆ ಕೂತು, ಬೆರಳಿಟ್ಟು, ತುಟಿ ಅಲುಗಾಡಿಸಿ ಓದಾಕ ಹತ್ತಿದ್ಳು. ಎಷ್ಟು ಬರದ್ಳು ಅಂತ ಕೇಳಬ್ಯಾಡ್ರಿ. ತನ್ನ ಹೆಸರಿನ್ಯಾಗ ತಾನೇ ಬರದ್ಳು.

ಹೊರಗ ಸರ್ ಪಾತೇಲಿ ಮುಂದ ನಿಂತಿದ್ರು. ಎರಡನೇತ್ತೆ ಹುಡುಗಿಯೊಬ್ಬಳು ತಾಟು ಚಾಚಿದ್ಳು. ಸರ್ ಸೌಟು ಎತ್ತಿದ್ರು. ಹುಡುಗಿ ತಾಟು ಹಿಂದ ತಗೊಂಡ್ಳು.

"ಮೊದಲ ನನ್ನ ಹೆಸರು ಕರೀರಿ ಸರ್."

ಸರ್ ಬಾಯಿ ತೆರೆದ್ರು. ಹುಡುಗಿ ಮುಖ ನೋಡಿದ್ರು, ಅದರ ಹಿಂದಿನ ಹುಡುಗನ ಮುಖ ನೋಡಿದ್ರು, ಸಾಲಿನ ಕಡೀತನಕ ನೋಡಿದ್ರು. ಒಂದು ಹೆಸರೂ ಬಾಯಿಗೆ ಬರ್ಲಿಲ್ಲ. ಆಮ್ಯಾಲೆ ಬಾಗಿಲ ಕಡೆ ತಿರುಗಿ ನನ್ನ ಮುಖಾ ನೋಡಿದ್ರು.

ಆ ಹುಡುಗಿ ಹೆಸರು ಅಪ್ಪಿ, ಅಣವೀರಪ್ಪನ ಮಗಳು. ನನ್ನ ನಾಲಿಗಿ ತುದಿಗೇ ಇತ್ತು. ನಾ ಹೇಳಿಕೊಡ್ಲಿಲ್ಲ.

ಪರೀಕ್ಷೆ ನಡದಾಗ ಹೇಳಿಕೊಡಬಾರದಲ್ರಿ.